ಆಲ್ತಾಯ್ ಜನರ ಕಡೆಗಾಲದ ಕಥೆಗಳು

ಕಲಿಯುಗದ ಲಕ್ಷಣಗಳನ್ನು ಮನೆಯ ಹಿರಿಯರ ಬಾಯಿಂದ ಕೇಳಿ ಬೆಳೆದ ನಮ್ಮ ವಾಚಕರಿಗೆ, ರಷ್ಯದ ದಕ್ಷಿಣ ಸೈಬೀರಿಯದಲ್ಲಿರುವ ಆಲ್ತಾಯ್ ಪರ್ವತವಾಸಿಗಳ ಕಥೆಗಳು ತೀರ ಅಪರಿಚಿತವೆನಿಸಲಾರವು.

ಕುದುರೆ, ಕುರಿಗಳನ್ನು ಸಾಕಿ ಬಾಳಿದ ಈ ಜನರಲ್ಲಿ ಬಹುಕಾಲ ಬಾಯಿಮಾತೇ ವಿದ್ಯೆಯ ಭಂಡಾರವಾಗಿತ್ತು. ಅವರ ವೀರಗಾಥೆಗಳನ್ನು ಹಾಡುವವನಿಗೆ 'ಕೈಚಿ' ಎಂದು ಹೆಸರು. ಎರಡು ತಂತಿಯ 'ತೋಪ್ಶೂರ್' ವಾದ್ಯವನ್ನು ಮೀಟುತ್ತ, ಗಂಟಲಾಳದ ಸ್ವರದಲ್ಲಿ ಆತನು ಹಾಡುತ್ತಾನೆ. ಅಲೆಕ್ಸೇಯ್ ಕಾಲ್ಕಿನ್ (1925–1998) ಎಂಬ ಪ್ರಸಿದ್ಧ ಕೈಚಿ ಈ ವಿದ್ಯೆಯನ್ನು ತಂದೆಯಿಂದಲೇ ಕಲಿತವರು. ಅವರು ಹಾಡಿದ 'ಮಾದಾಯ್ ಕಾರಾ' ಏಳು ಸಾವಿರ ಪಂಕ್ತಿಗಳನ್ನು ಮೀರುತ್ತದೆ. ಲೋಕಾಂತ್ಯದ ಕಥೆಗಳೂ ಇಂತಹ ಬಾಯಿಪಾಠದಿಂದಲೇ ಉಳಿದುಬಂದವು.

ಕಡೆಗಾಲಕ್ಕೆ ಅವರಲ್ಲಿ 'ಕಲ್ಗಾಂಚಿ ಚಾಕ್' ಎಂದು ಹೆಸರು. ಅದರ ವರ್ಣನೆಯನ್ನು ವಿದ್ವಾಂಸ ರಾಡ್ಲೋಫ್ 1866ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಕಾಣಬಹುದು. ದೊರೆಗಳ ಪರಸ್ಪರ ಕಲಹ, ತಂದೆಮಕ್ಕಳು ಒಬ್ಬರನ್ನೊಬ್ಬರು ಅರಿಯದಿರುವುದು, ಎಷ್ಟು ಚಿನ್ನ ತೆತ್ತರೂ ಒಂದು ಬಟ್ಟಲು ಆಹಾರ ದೊರೆಯದಿರುವುದು ಅದರ ಲಕ್ಷಣಗಳು. ಆಗ ಪಾತಾಳದೊಡೆಯ ಎರ್ಲಿಕ್‌ನ ಭಟರು ಮೇಲೇರಿ ಬರುತ್ತಾರೆ. ಅವರನ್ನು ಎದುರಿಸುವ ದೇವವೀರರಲ್ಲಿ ಒಬ್ಬನು 'ಮೈತೆರೆ'. ಈ ಹೆಸರು ಬೌದ್ಧರ ಮೈತ್ರೇಯನದೇ ಎಂಬುದು ನಮಗೆ ಕುತೂಹಲದ ಸಂಗತಿ. ಭಾರತದಲ್ಲಿ ಹುಟ್ಟಿದ ಹೆಸರೊಂದು ಆ ಹಿಮಗಿರಿಗಳನ್ನು ಸೇರಿ ಅಲ್ಲಿನದೇ ಆಗಿಹೋಗಿದೆ.

ಈ ಕಥೆಗಳು ನಿಂತ ನೀರಲ್ಲ. 1904ರಲ್ಲಿ ಚುಗುಲ್ ಎಂಬ ಬಾಲೆಗೆ ಬಿಳಿಯ ಕುದುರೆಯೇರಿದ ಶ್ವೇತವಸ್ತ್ರಧಾರಿಯೊಬ್ಬನು ಕಾಣಿಸಿಕೊಂಡು, ಒಯ್ರೋತ್ ಖಾನನು ಮರಳುವನೆಂದು ಸಾರಿದನೆಂಬ ಸುದ್ದಿ ಹಬ್ಬಿತು. ಪ್ರಾರ್ಥನೆಗೆ ನೆರೆದ ಜನರನ್ನು ಬಲಪ್ರಯೋಗದಿಂದ ಚದುರಿಸಲಾಯಿತು. ಮುಖಂಡರ ಮೇಲೆ ಮೊಕದ್ದಮೆ ನಡೆದು, 1906ರಲ್ಲಿ ಅವರು ನಿರ್ದೋಷಿಗಳೆಂದು ಬಿಡುಗಡೆಯಾದರು.

ಮುಂದೆ 1993ರಲ್ಲಿ ಉಕೋಕ್ ಪ್ರಸ್ಥಭೂಮಿಯ ಸಮಾಧಿಯೊಂದರಿಂದ ಸುಮಾರು 2,500 ವರ್ಷಗಳ ಹಿಂದಿನ ಸ್ತ್ರೀದೇಹವನ್ನು ಅಗೆದು ತೆಗೆದು ನೊವೊಸಿಬಿರ್ಸ್ಕ್ ನಗರಕ್ಕೆ ಒಯ್ದರು. 2003ರ ಸೆಪ್ಟೆಂಬರಿನಲ್ಲಿ ಭಾರಿ ಭೂಕಂಪವಾಗಿ ಬೆಲ್ತೀರ್ ಗ್ರಾಮ ನೆಲಸಮವಾದಾಗ, ನೆಮ್ಮದಿಗೆಟ್ಟ ಆ ದೇಹವೇ ಕಾರಣವೆಂದು ಅನೇಕರು ನುಡಿದರು. 2012ರಲ್ಲಿ ಅದು ಗೋರ್ನೊ-ಆಲ್ತಾಯ್‌ಸ್ಕ್ ನಗರದ ವಸ್ತುಸಂಗ್ರಹಾಲಯಕ್ಕೆ ಮರಳಿತು.

ಭೂಕಂಪಕ್ಕೆ ಕಾರಣ ಭೂಗರ್ಭದಲ್ಲಿದೆ ಎಂಬುದನ್ನು ನಾವು ಬಲ್ಲೆವು. ಆದರೂ ಈ ಕಥೆಗಳನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವುದು ಉಚಿತವಲ್ಲ. ಅವು ಲೋಕಾಂತ್ಯದ ತಿಥಿಯನ್ನು ಹೇಳುವುದಿಲ್ಲ. ಮನುಷ್ಯರು ಯಾವ ತಪ್ಪುಗಳಿಂದ ಕೆಡುತ್ತಾರೆಂಬುದನ್ನು ಹೇಳುತ್ತವೆ. ತಂದೆಮಕ್ಕಳು ಒಬ್ಬರನ್ನೊಬ್ಬರು ಅರಿಯದ ಕಾಲವೇ ಕಡೆಗಾಲವೆಂದು ಸಾರುವ ಕಥೆಯನ್ನು ತಂದೆಯೇ ಮಗನನ್ನು ಬಳಿ ಕುಳ್ಳಿರಿಸಿಕೊಂಡು ಹೇಳುತ್ತಿರುವವರೆಗೆ, ಆ ಕಾಲ ಇನ್ನೂ ದೂರವಿದೆಯೆಂದೇ ನಾವು ಭಾವಿಸುತ್ತೇವೆ.