ಟಿವಿಯಲ್ಲಿ ಮುಖ ಅಗಲವೇಕೆ?

ಪ್ರಶ್ನೆ: ಹಳೆಯ ಮದುವೆ ಕ್ಯಾಸೆಟ್ಟನ್ನು ಪೆನ್‌ಡ್ರೈವ್‌ಗೆ ಹಾಕಿಸಿದೆವು. ಟಿವಿಯಲ್ಲಿ ಎಲ್ಲರ ಮುಖವೂ ಅಗಲವಾಗಿ ಕಾಣುತ್ತದೆ. ಮೊಬೈಲಿನಲ್ಲಿ ತೆಗೆದ ವಿಡಿಯೋಗೆ ಧ್ವನಿ ಬರುತ್ತದೆ, ಚಿತ್ರವಿಲ್ಲ. ಯಾಕೆ?
– ಓದುಗರು, ಸಾವಳಗಿ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು.

ಆ ಕಾಲದ ಕ್ಯಾಸೆಟ್ಟಿನ ಚಿತ್ರ 4:3 ಅಳತೆಯದು; ಈಗಿನ ಟಿವಿ 16:9. ಪರದೆ ತುಂಬಲೆಂದು ಟಿವಿ ಅದನ್ನು ಅಡ್ಡಕ್ಕೆ ಎಳೆದಾಗ ಮುಖ ಮೂರನೇ ಒಂದು ಪಾಲು ಹೆಚ್ಚು ಅಗಲವಾಗುತ್ತದೆ. ಮೊದಲು ರಿಮೋಟಿನ ‘ಪಿಕ್ಚರ್ ಸೈಜ್’ನಲ್ಲಿ 4:3 ಆರಿಸಿ ನೋಡಿ. ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಅದೇ ಸರಿ.

ಭಾರತದಲ್ಲಿ ಬಳಸಿದ ಪಾಲ್ ಎಂಬ ಟಿವಿ ಪದ್ಧತಿಯ ವಿಡಿಯೋವನ್ನು ಕಂಪ್ಯೂಟರಿಗೆ ಇಳಿಸಿದಾಗ ಸಾಮಾನ್ಯವಾಗಿ 720×576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್ ಇರುತ್ತವೆ. ಹೊಸದಾಗಿ ಪರಿವರ್ತಿಸುವುದಾದರೆ 4:3 ಅಳತೆ ಉಳಿಯುವಂತೆ 768×576 ಇಡಿ, ಡಿಇಂಟರ್ಲೇಸ್ ಆನ್ ಮಾಡಿ. ಚಲನೆಯಲ್ಲಿ ಕಾಣುವ ಬಾಚಣಿಗೆಯಂಥ ಗೆರೆಗಳು ಹೋಗುತ್ತವೆ. 1080ಕ್ಕೆ ಹಿಗ್ಗಿಸಿದರೆ ಫೈಲ್ ದಪ್ಪವಾದೀತೇ ಹೊರತು ಕ್ಯಾಸೆಟ್ಟಿನಲ್ಲಿಲ್ಲದ ವಿವರ ಬಾರದು.

ಮೊಬೈಲಿನದು ಕೋಡೆಕ್, ಅಂದರೆ ಚಿತ್ರವನ್ನು ಒತ್ತಿಡುವ ವಿಧಾನದ ತೊಂದರೆ ಇರಬಹುದು. ಎಂಪಿ4 ಬರಿಯ ಡಬ್ಬಿ. ಒಳಗಿನ ಚಿತ್ರ ಎಚ್.264 ಇರಬಹುದು, 2013ರಲ್ಲಿ ಬಂದ ಎಚ್.265 ಇರಬಹುದು. ಎರಡನೆಯದನ್ನು ಹಳೆಯ ಟಿವಿಗಳು ಬಿಡಿಸಲಾರವು. ಫೈಲಿನ ಹೆಸರು ಬದಲಿಸಿದರೆ ಪ್ರಯೋಜನವಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ ಆರಿಸಿ ಪರಿವರ್ತಿಸಿ.

ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಸದು. ಭಾಗ ಮಾಡಿ ಹಾಕಿ. ಪರಿವರ್ತಿಸಿದ ಮೇಲೂ ಮೂಲ ಫೈಲ್ ಅಳಿಸಬೇಡಿ. ಪ್ರತಿ ಪರಿವರ್ತನೆಯಲ್ಲೂ ಗುಣಮಟ್ಟ ಸ್ವಲ್ಪ ಸೋರುತ್ತದೆ.