ಅಂಗಮರ್ದನ: ಎಲ್ಲಿ ಹಿತ, ಎಲ್ಲಿ ಅಪಾಯ

ಸೊಂಟ ಹಿಡಿದುಕೊಂಡರೆ, ಹೆಗಲು ಬಿಗಿದರೆ, ದಿನವಿಡೀ ನಿಂತು ಕಾಲು ಸೋತರೆ ನಮ್ಮ ಮನೆಗಳಲ್ಲಿ ಮೊದಲು ಹೊರಬರುವುದು ಎಣ್ಣೆಯ ಬಟ್ಟಲು. ಇದರಲ್ಲಿ ತಪ್ಪೇನೂ ಇಲ್ಲ. ಹದವಾಗಿ ನೀವಿದರೆ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ನೋವು ಕೆಲಕಾಲ ತಗ್ಗುತ್ತದೆ, ನಿದ್ದೆಯೂ ಚೆನ್ನಾಗಿ ಬರುತ್ತದೆ. ಆದರೆ ಯಾವ ನೋವನ್ನು ನೀವಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದು ಗೊತ್ತಿರಬೇಕು. ಮನೆಯಲ್ಲಿ ಬಾಣಂತಿಯೋ ಶಸ್ತ್ರಚಿಕಿತ್ಸೆ ಆದವರೋ ಇದ್ದಾಗಲಂತೂ ಇದು ಪ್ರಾಣದ ಪ್ರಶ್ನೆ.

ಅಂಗಮರ್ದನದ ಮೂಲ ಪಟ್ಟುಗಳು ಕೆಲವೇ. ಪುಸ್ತಕಗಳಲ್ಲಿರುವ ಅವುಗಳ ಫ್ರೆಂಚ್ ಹೆಸರುಗಳನ್ನು ಬಳಕೆಗೆ ತಂದ ಶ್ರೇಯ 19ನೇ ಶತಮಾನದ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್‌ನದು. ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಅವು ಅಡುಗೆಮನೆಯಿಂದಲೇ ಪರಿಚಿತ. ಅಂಗೈಯನ್ನು ಚಪ್ಪಟೆಯಾಗಿಟ್ಟು ಉದ್ದಕ್ಕೆ ನೀವುವುದು, ಚಪಾತಿ ಹಿಟ್ಟಿನಂತೆ ನಾದುವುದು, ಹೆಬ್ಬೆರಳಿನಿಂದ ಒಂದೇ ಜಾಗದಲ್ಲಿ ಉಜ್ಜುವುದು, ಕೈಯಂಚಿನಿಂದ ಲಘುವಾಗಿ ತಟ್ಟುವುದು. ನೀವುವುದರಿಂದಲೇ ಆರಂಭಿಸಿ ಅದರಿಂದಲೇ ಮುಗಿಸಬೇಕು. ಅಭಿಧಮನಿಗಳಲ್ಲಿ ರಕ್ತ ಹೃದಯದತ್ತ ಹರಿಯುವುದರಿಂದ ಕೈಕಾಲುಗಳಲ್ಲಿ ಒತ್ತಡ ಕೆಳಗಿನಿಂದ ಮೇಲಕ್ಕೆ ಇರಲಿ. ಬೆನ್ನಿನಲ್ಲಿ ಒತ್ತಬೇಕಾದ್ದು ಮೂಳೆಯನ್ನಲ್ಲ, ಅದರ ಎರಡೂ ಬದಿಯ ಸ್ನಾಯುವನ್ನು. ಮೊಣಕಾಲಿನ ಹಿಂಭಾಗ, ಕಂಕುಳು, ಕತ್ತಿನ ಮುಂಭಾಗಗಳಲ್ಲಿ ನರ ಮತ್ತು ರಕ್ತನಾಳಗಳು ಚರ್ಮಕ್ಕೆ ಹತ್ತಿರದಲ್ಲೇ ಇರುತ್ತವೆ. ಅಲ್ಲಿ ಬಲ ಹಾಕಬೇಡಿ. "ನೋವಾದಷ್ಟೂ ಒಳ್ಳೆಯದು" ಎಂಬ ಮಾತನ್ನು ನಂಬಬೇಡಿ. ಮಲಗಿದವರು ಸಾಕು ಎಂದರೆ ಕೈ ನಿಲ್ಲಬೇಕು.

ಈ ವೃತ್ತಿಗೆ ಶಿಸ್ತು ಬಂದ ಕಥೆಯೂ ಸ್ವಾರಸ್ಯಕರ. ಲಂಡನ್ನಿನಲ್ಲಿ ಅಂಗಮರ್ದನದ ಹೆಸರಿನಲ್ಲಿ ಅನಾಚಾರ ನಡೆಯುತ್ತಿದೆಯೆಂಬ ಗುಲ್ಲೆದ್ದಾಗ, 1894ರಲ್ಲಿ ನಾಲ್ವರು ದಾದಿಯರು ಸೇರಿ ತರಬೇತಾದವರದೇ ಒಂದು ಸಂಘ ಕಟ್ಟಿದರು. ವೈದ್ಯರ ಸೂಚನೆಯಿಲ್ಲದೆ ರೋಗಿಯ ಮೈ ಮುಟ್ಟಬಾರದು ಎಂಬುದು ಅವರ ಮೊದಮೊದಲ ನಿಯಮಗಳಲ್ಲೊಂದು. ಬ್ರಿಟನ್ನಿನ ಇಂದಿನ ಫಿಸಿಯೋಥೆರಪಿ ಸಂಸ್ಥೆ ಬೆಳೆದದ್ದು ಅದರಿಂದಲೇ. ಇಂದಿಗೂ ಒಳ್ಳೆಯ ಕಸುಬುದಾರರು ಉಗುರು ಕತ್ತರಿಸಿ, ಉಂಗುರ ತೆಗೆದಿಟ್ಟು, ಕೈ ತೊಳೆದುಕೊಳ್ಳುತ್ತಾರೆ. ಎಣ್ಣೆಗೆ ಕೈ ಅದ್ದುವ ಮೊದಲೇ ನಾಲ್ಕು ಪ್ರಶ್ನೆ ಕೇಳುತ್ತಾರೆ: ನೋವು ಎಂದಿನಿಂದ? ಬಿದ್ದಿರಾ? ಜ್ವರ ಇದೆಯೇ? ಇತ್ತೀಚೆಗೆ ಆಪರೇಷನ್ ಅಥವಾ ಹೆರಿಗೆ ಆಗಿದೆಯೇ?

ಕೊನೆಯ ಪ್ರಶ್ನೆ ಏಕೆ ಎಂದು ವಿವರಿಸುತ್ತೇನೆ. ಗರ್ಭಿಣಿಯ ರಕ್ತ ಸಾಮಾನ್ಯಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ. ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗದಿರಲಿ ಎಂದು ಪ್ರಕೃತಿ ಮಾಡಿದ ಏರ್ಪಾಡು ಇದು. ಹೆರಿಗೆಯ ನಂತರ ಸುಮಾರು ಆರು ವಾರ ಈ ಗುಣ ಅಪಾಯಕರವಾಗಿಯೇ ಉಳಿದಿರುತ್ತದೆ. ಸಿಸೇರಿಯನ್ ಆಗಿದ್ದರೆ, ಬಾಣಂತಿಯನ್ನು ಏಳಲೂ ಬಿಡದೆ ಮಂಚದ ಮೇಲೆ ಮಲಗಿಸಿದ್ದರೆ ಅಪಾಯ ಇನ್ನೂ ಹೆಚ್ಚು. ಆಗ ಕಾಲಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಗಡ್ಡೆ ಕಟ್ಟಬಹುದು. ಮೀನಖಂಡ ಊದಿ ನೋಯುತ್ತದೆ. ಮನೆಯ ಹಿರಿಯರು "ವಾಯು ಆಗಿದೆ, ಚೆನ್ನಾಗಿ ತಿಕ್ಕಿಸಿ ಬಿಸಿನೀರು ಹಾಕಿಸಿ" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಬಲವಾಗಿ ತಿಕ್ಕಿದಾಗ ಗಡ್ಡೆಯ ತುಣುಕು ಕಳಚಿಕೊಂಡು ರಕ್ತದೊಡನೆ ಹೃದಯ ದಾಟಿ ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಳ್ಳಬಹುದು. ತುಣುಕು ದೊಡ್ಡದಾಗಿದ್ದರೆ ನಿಮಿಷಗಳಲ್ಲೇ ಸಾವು.

ಆದ್ದರಿಂದ ಎಣ್ಣೆ ಹಚ್ಚುವ ಮೊದಲು ಎರಡೂ ಕಾಲುಗಳನ್ನು ಪಕ್ಕಪಕ್ಕ ಇರಿಸಿ ನೋಡಿ. ಬಸುರಿನ ಬಾವು ಸಾಮಾನ್ಯವಾಗಿ ಎರಡೂ ಕಾಲಲ್ಲಿರುತ್ತದೆ. ಒಂದೇ ಕಾಲು ಊದಿದ್ದರೆ, ಮುಟ್ಟಿದರೆ ಬಿಸಿಯೆನಿಸಿದರೆ, ಬಣ್ಣ ಬದಲಾಗಿದ್ದರೆ, ಹೆಜ್ಜೆಯಿಟ್ಟಾಗ ಮೀನಖಂಡ ನೊಂದರೆ ಸಂಶಯಪಡಿ. ಮೊಣಕಾಲ ಚಿಪ್ಪಿನ ಕೆಳಗೆ ಮೂಳೆಯ ಒಂದು ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ದರ್ಜಿಯ ಟೇಪಿನಿಂದ ಎರಡೂ ಕಾಲುಗಳ ಸುತ್ತಳತೆ ತೆಗೆಯಿರಿ. ವ್ಯತ್ಯಾಸ 3 ಸೆಂ.ಮೀ.ಗಿಂತ ಹೆಚ್ಚಿದ್ದರೆ ಸಂಶಯ ಬಲವಾಗುತ್ತದೆ. ಕಡಿಮೆಯಿದ್ದ ಮಾತ್ರಕ್ಕೆ ಧೈರ್ಯ ತಂದುಕೊಳ್ಳುವಂತಿಲ್ಲ. ಕಾಲನ್ನು ತಿಕ್ಕದೆ ಅಂದೇ ಆಸ್ಪತ್ರೆಗೆ ಹೋಗಿ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣುತ್ತದೆ, ಹೆಪ್ಪು ಬೆಳೆಯದಂತೆ ತಡೆಯುವ ಔಷಧಗಳಿವೆ. ಹಾಲೂಡಿಸುವ ತಾಯಿಗೂ ಕೊಡಬಹುದಾದಂಥವು ಅವುಗಳಲ್ಲಿವೆ. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೊಂದರೆ, ಕೆಮ್ಮಿನಲ್ಲಿ ರಕ್ತ ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಮೂಳೆ ಮುರಿದ ಸಂಶಯವಿದ್ದರೂ ತಿಕ್ಕಬಾರದು. ಮಕ್ಕಳ ಮೊಣಕೈಗೆ ಪೆಟ್ಟಾದಾಗ ತಿಕ್ಕಿಸಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಮಡಚಲಾಗದೆ ಹೋಗುವುದುಂಟು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಎಣ್ಣೆಯ ಬಿಸಿ ತಿಳಿಯುವುದಿಲ್ಲ. ಎಣ್ಣೆಯನ್ನು ಇನ್ನೊಬ್ಬರು ಮುಟ್ಟಿ ನೋಡಲಿ. ಕ್ಷೌರದಂಗಡಿಯಲ್ಲಿ ಕತ್ತನ್ನು ಥಟ್ಟನೆ ತಿರುಗಿಸಿ ಲಟಕ್ಕೆನ್ನಿಸುವುದನ್ನು ನಯವಾಗಿ ಬೇಡವೆನ್ನಿ. ಮಿದುಳಿಗೆ ಹೋಗುವ ರಕ್ತನಾಳ ಅದರಿಂದ ಸೀಳಬಹುದು.

ಎಳೆಗೂಸಿಗೆ ಎಣ್ಣೆ ನೀವುವುದು ಒಳ್ಳೆಯದೇ, ಕೈ ಹಗುರವಾಗಿರಲಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಕೆಲವು ಕೂಸುಗಳ ಎದೆ ಉಬ್ಬಿ ಹಾಲಿನಂಥ ದ್ರವ ಜಿನುಗುವುದುಂಟು. ಅದನ್ನು ಹಿಂಡಿದರೆ ಕೀವು ತುಂಬುತ್ತದೆ, ಹಾಗೇ ಬಿಟ್ಟರೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ.