ತಲೆಯ ಮೇಲಿನ ಶಿಲ್ಪ

ಬೇಲೂರು ಹಳೇಬೀಡುಗಳಿಗೆ ಹೋಗಿಬಂದವರ ಮನೆಗಳಲ್ಲಿ ಅಲ್ಲಿನ ಛಾಯಾಚಿತ್ರಗಳಿಗೆ ಕೊರತೆಯಿಲ್ಲ. ದರ್ಪಣಸುಂದರಿಯಿರುತ್ತಾಳೆ, ಆನೆಗಳ ಸಾಲಿರುತ್ತದೆ, ದೊಡ್ಡ ನಂದಿಯ ಮುಂದೆ ನಿಂತ ಮನೆಮಂದಿಯೂ ಇರುತ್ತಾರೆ. ಆದರೆ ಒಳಗೆ ನವರಂಗದ ನೆತ್ತಿಯ ಮೇಲಿದ್ದುದೇನೆಂದು ಕೇಳಿದರೆ, ಸಿಕ್ಕುವುದು ಒಂದು ಕಪ್ಪು ಮಬ್ಬು. ಅದರ ನಡುವೆ ಫ್ಲ್ಯಾಷ್ ದೀಪದ ಬಿಳಿಯ ಕಲೆ. ನಾವು ಮೊದಲಬಾರಿ ತೆಗೆದ ಚಿತ್ರದ ಗತಿಯೂ ಇದೇ ಆಗಿತ್ತೆಂದು ಒಪ್ಪಿಕೊಳ್ಳಬೇಕು.

ಈ ಕೊರತೆ ಇಂದಿನದಲ್ಲ. 1854ರಲ್ಲಿ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಈ ಎರಡು ಊರುಗಳಿಗೂ ಬಂದು ಚಿತ್ರ ತೆಗೆದನು. ಎರಡು ವರ್ಷಗಳ ಮೇಲೆ ರಿಚರ್ಡ್ ಓಕ್ಲಿಯು ಹಳೇಬೀಡಿನ ಗುಡಿಯನ್ನು ಚಿತ್ರಿಸಿದನು. ಇವರ ಗಮನವೆಲ್ಲ ಬಹುಮಟ್ಟಿಗೆ ಹೊರಗೋಡೆಯ ಮೇಲೆ. ಅಂದಿನ ಸಾಧನಗಳು ಬಿಸಿಲನ್ನೇ ಬೇಡುತ್ತಿದ್ದುವು. ಒಳಗಿನ ಕತ್ತಲೆಗೆ ಅವು ಒಗ್ಗುತ್ತಿರಲಿಲ್ಲ. ಇಂದಿನ ಕ್ಯಾಮರಾವು ಆ ಕತ್ತಲೆಯನ್ನು ಗೆಲ್ಲಬಲ್ಲುದು. ಆದರೆ ಗೆಲ್ಲುವ ಮೊದಲು ಅದು ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕೆಂದು ನಮ್ಮ ಭಾವನೆ.

ನಾಲ್ಕು ಕಂಬಗಳ ನಡುವಣ ಚೌಕವನ್ನು ನಮ್ಮವರು ಅಂಕಣವೆನ್ನುತ್ತಾರೆ. ಕಂಬಗಳ ಮೇಲೆ ನಾಲ್ಕು ತೊಲೆಗಳು. ಮೂಲೆಗಳಿಗೆ ಅಡ್ಡಲಾಗಿ ಕಲ್ಲುಗಳನ್ನಿಟ್ಟರೆ ಚೌಕವು ಅಷ್ಟಕೋನವಾಗುವುದು. ಅದರ ಮೇಲೆ ಒಂದಕ್ಕಿಂತ ಒಂದು ಒಳಮುಖವಾಗಿ ಚಾಚಿದ ವರಸೆಗಳು ಏರುತ್ತ ಹೋಗಿ, ಕಡೆಯಲ್ಲಿ ಉಳಿದ ಕಿರಿಯ ಕಂಡಿಯನ್ನು ಒಂದು ಕಲ್ಲು ಮುಚ್ಚುವುದು. ಅದರಿಂದ ಕಮಲದ ಮೊಗ್ಗೊಂದು ಕೆಳಕ್ಕೆ ಜೋಲುವುದು. ಇದೇ ಭುವನೇಶ್ವರಿ. ನೋಟಕ್ಕೆ ಗುಮ್ಮಟವಾದರೂ ಇದರಲ್ಲಿ ಕಮಾನಿಲ್ಲ. ಪ್ರತಿಯೊಂದು ಕಲ್ಲೂ ಮಟ್ಟಸವಾಗಿ ಮಲಗಿ, ಹಿಂಬದಿಯ ಭಾರದಿಂದ ನಿಂತಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಆದುದರಿಂದಲೇ ಇಷ್ಟು ನಯವಾದ ಕೆಲಸವು ಸಾಧ್ಯವಾಯಿತು.

ಈಗ ಮೂರು ಊರುಗಳ ಬೆಳಕನ್ನು ಹೋಲಿಸಿ ನೋಡೋಣ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಿಸಿದಾಗ ನವರಂಗವು ತೆರೆದ ಮಂಟಪವಾಗಿತ್ತು. ಕಂಬಗಳ ನಡುವಣ ಜಾಲಂಧ್ರಗಳು ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಎಂದರೆ 1173ರಿಂದ 1220ರ ಒಳಗೆ, ಸೇರಿದುವೆಂದು ವಿದ್ವಾಂಸರ ಮತ. ಜಾಲಂಧ್ರಗಳು ತಾವೇ ಸೊಗಸಾದ ಶಿಲ್ಪಗಳು. ಆದರೆ ಅವುಗಳಿಂದ ಒಳಗೆ ಕತ್ತಲೆಯಾಯಿತು. ನಡುವಣ ಭುವನೇಶ್ವರಿಯ ಅಂಚಿನಲ್ಲಿ ರಾಮಾಯಣದ ಕಥೆಯನ್ನು ಕೆತ್ತಿದ ಶಿಲ್ಪಿಯು, ಸುತ್ತಲಿಂದಲೂ ಬರುವ ಹಗಲಿನ ಬೆಳಕನ್ನು ನೆಚ್ಚಿ ಉಳಿ ಹಿಡಿದಿದ್ದನು. ಇಂದು ನಾವು ಅದನ್ನು ವಿದ್ಯುದ್ದೀಪದಲ್ಲಿ ನೋಡುತ್ತೇವೆ.

ಅವನು ನೆಚ್ಚಿದ್ದ ಬೆಳಕು ಎಂಥದೆಂಬುದನ್ನು ಅರಸೀಕೆರೆಯಲ್ಲಿ ಕಾಣಬಹುದು. ಅಲ್ಲಿನ ಈಶ್ವರ ದೇವಾಲಯವು 1220ರದು. ಅದರ ಮುಖಮಂಟಪವು ನಕ್ಷತ್ರಾಕಾರದ್ದು, 21 ಕಂಬಗಳದು, ಇಂದಿಗೂ ತೆರೆದದ್ದು. ಬೆಳಗಿನ ಬಿಸಿಲು ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು, ಮೇಲಿನ ಗುಮ್ಮಟದ ವರಸೆಗಳನ್ನು ಕೆಳಗಿನಿಂದ ಮೆಲ್ಲನೆ ಬೆಳಗುತ್ತದೆ. ಹಳೇಬೀಡಿನದು ನಡುವಣ ಸ್ಥಿತಿ. ಸುಮಾರು 1121ರಲ್ಲಿ ಆರಂಭವಾದ ಹೊಯ್ಸಳೇಶ್ವರದ ಜೋಡಿ ಮಂಟಪಗಳಲ್ಲಿ ಬಾಗಿಲ ಬಳಿ ಬೆಳಕು, ಒಳಗೆ ಹೋದಂತೆ ಮಬ್ಬು. ಸಮೀಪದ ಪಾರ್ಶ್ವನಾಥ ಬಸದಿಯ ಕಂಬಗಳಾದರೋ ಕನ್ನಡಿಯಂತೆ ನುಣುಪಾಗಿವೆ. ಚಿತ್ರ ತೆಗೆಯುವವನೇ ಅವುಗಳಲ್ಲಿ ಪ್ರತಿಬಿಂಬಿಸದಂತೆ ಎಚ್ಚರವಿರಬೇಕು.

ಹಾಗಾದರೆ ಚಿತ್ರ ತೆಗೆಯುವ ಕ್ರಮವೇನು? ಮೊದಲನೆಯದಾಗಿ, ಫ್ಲ್ಯಾಷ್ ಬೇಡ. ಕ್ಯಾಮರಾದ ಬಳಿಯಿಂದಲೇ ನೇರವಾಗಿ ಹೋದ ಬೆಳಕು ನೆರಳುಗಳನ್ನೆಲ್ಲ ಅಳಿಸಿಬಿಡುತ್ತದೆ. ನೆರಳಿಲ್ಲದೆ ಆಳವಿಲ್ಲ, ಆಳವಿಲ್ಲದ ಭುವನೇಶ್ವರಿಯು ರಂಗೋಲಿಯಂತೆ ಚಪ್ಪಟೆಯಾಗುವುದು. ಮೂರು ಗುಡಿಗಳೂ ಪೂರ್ವಾಭಿಮುಖವಾದುದರಿಂದ ಬೆಳಗಿನ ಹೊತ್ತೇ ಲೇಸು. ಎರಡನೆಯದಾಗಿ, ಕ್ಯಾಮರಾವು ಮೊಗ್ಗಿನ ಸರಿಯಾಗಿ ಕೆಳಗಿರಬೇಕು, ರಸಮಟ್ಟವಿಟ್ಟು ನೋಡಿದರೆ ಮಟ್ಟವಾಗಿರಬೇಕು. ಇಲ್ಲದಿದ್ದರೆ ವೃತ್ತವು ಮೊಟ್ಟೆಯ ಆಕಾರ ತಾಳುವುದು. ಮೂರನೆಯದಾಗಿ, ಮೊಗ್ಗು ಹತ್ತಿರ, ನೆತ್ತಿ ದೂರ. ಎರಡೂ ಸ್ಫುಟವಾಗಬೇಕಾದರೆ ಮಸೂರದ ಕಂಡಿಯನ್ನು ಕಿರಿದು ಮಾಡಬೇಕು. ಕಂಡಿ ಕಿರಿದಾದಷ್ಟೂ ಹೊತ್ತು ಹೆಚ್ಚು ಬೇಕು. ಕೆಲವು ಸೆಕೆಂಡುಗಳಾದರೂ ಕ್ಯಾಮರಾ ಅಲುಗಬಾರದು. ಮುಕ್ಕಾಲಿಯನ್ನು ಹೂಡಲು ಪುರಾತತ್ತ್ವ ಇಲಾಖೆಯ ಅನುಮತಿ ಅಗತ್ಯ. ಅದಿಲ್ಲದವರು ಅಕ್ಕಿ ತುಂಬಿದ ಸಣ್ಣ ಚೀಲವನ್ನು ನೆಲದ ಮೇಲಿಟ್ಟು, ಕ್ಯಾಮರಾವನ್ನು ಅದರ ಮೇಲೆ ಅಂಗಾತ ಮಲಗಿಸಬಹುದು. ಬೇಲೂರಿನಲ್ಲಿ ಪೂಜೆ ಇಂದಿಗೂ ನಡೆಯುತ್ತಿದೆ. ಭಕ್ತರಿಗೆ ಅಡ್ಡಿಯಾಗದ ವೇಳೆಯನ್ನು ಆರಿಸಿಕೊಳ್ಳುವುದು ನಮ್ಮ ಕರ್ತವ್ಯ.

ಸಾಮಾನ್ಯವಾಗಿ ಎಲ್ಲರೂ ಮರೆಯುವ ಇನ್ನೊಂದು ಸಂಗತಿಯುಂಟು. ಅದು ದಿಕ್ಕು. ಹೊಯ್ಸಳರ ಅನೇಕ ಒಳಮಾಳಿಗೆಗಳಲ್ಲಿ ಅಷ್ಟದಿಕ್ಪಾಲಕರು ತಮ್ಮ ತಮ್ಮ ದಿಕ್ಕಿನಲ್ಲಿ ಕುಳಿತಿರುತ್ತಾರೆ: ಮೂಡಲಿಗೆ ಇಂದ್ರ, ತೆಂಕಲಿಗೆ ಯಮ, ಪಡುವಲಿಗೆ ವರುಣ, ಬಡಗಲಿಗೆ ಕುಬೇರ. ಮೇಲ್ಮುಖವಾಗಿ ತೆಗೆದ ಚಿತ್ರದಲ್ಲಿ ಉತ್ತರವನ್ನು ಮೇಲಕ್ಕಿಟ್ಟರೆ ಪೂರ್ವವು ಎಡಕ್ಕೆ ಬರುತ್ತದೆ, ಭೂಪಟಕ್ಕೆ ವಿರುದ್ಧವಾಗಿ. ಇದು ತಪ್ಪಲ್ಲ, ನಕ್ಷತ್ರಪಟಗಳೂ ಹೀಗೆಯೇ ಇರುತ್ತವೆ. ಇದನ್ನರಿಯದೆ ಚಿತ್ರವನ್ನು ಎಡಬಲ ತಿರುಗಿಸಿ ಸರಿಪಡಿಸಹೊರಟವನು ಇಂದ್ರನನ್ನು ವರುಣನ ಮನೆಗೆ ಕಳುಹಿಸಿದಂತಾಗುವುದು! ಆದುದರಿಂದ ಚಿತ್ರದ ಹಿಂಬದಿಯಲ್ಲಿ ಪೂರ್ವವಾವುದೆಂದು ಬರೆದಿಡಬೇಕು. ತಾರೀಖನ್ನೂ ವೇಳೆಯನ್ನೂ ಗುರುತಿಸಬೇಕು.

ಇಷ್ಟು ಶ್ರಮವೇತಕ್ಕೆಂದು ಕೇಳಬಹುದು. ದೀರ್ಘಕಾಲ ಬೆಳಕು ಕುಡಿದ ಚಿತ್ರವು ಕಣ್ಣಿಗೆ ಕಾಣದುದನ್ನು ತೋರಿಸುತ್ತದೆ. ಅದು ದಾಖಲೆ, ನವರಂಗದಲ್ಲಿ ನಿಂತವನ ಅನುಭವವಲ್ಲ. ಅನುಭವಕ್ಕೆ ಕತ್ತಲೆಯನ್ನು ಕತ್ತಲೆಯಾಗಿಯೇ ಉಳಿಸಿದ ಇನ್ನೊಂದು ಚಿತ್ರ ಬೇಕು. ಎರಡನ್ನೂ ತೆಗೆಯಬೇಕು, ಯಾವುದು ಯಾವುದೆಂದು ಹೇಳಬೇಕು. ದಾಖಲೆಯ ಬೆಲೆ ಮುಂದೆ ತಿಳಿಯುವುದು. ಮೇಲಿನಿಂದ ಮಳೆನೀರು ಇಳಿದು ವರಸೆಯ ಕಲ್ಲೊಂದು ಜರುಗಿದರೆ, ಹತ್ತು ವರ್ಷದ ಹಿಂದೆ ಅದು ಹೇಗಿತ್ತೆಂಬುದಕ್ಕೆ ಅದೇ ಸಾಕ್ಷಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅರಸೀಕೆರೆಯ ಗುಡಿ ಅದರಲ್ಲಿಲ್ಲ. ಬೇಲೂರಿನ ಭುವನೇಶ್ವರಿಯು ಕಳೆದುಕೊಂಡ ಬೆಳಕು ಮಾತ್ರ ಅಲ್ಲಿ ಇನ್ನೂ ಉಳಿದಿದೆ. ಬೇಲೂರಿಗೆ ಹೊರಟವರು ಒಂದು ಬೆಳಗನ್ನು ಅರಸೀಕೆರೆಗೆ ಮೀಸಲಿಟ್ಟು, ಆ ಮಂಟಪದ ನಡುವೆ ಅಂಗಾತ ಮಲಗಿ ಮೇಲಕ್ಕೆ ನೋಡಲಿ. ಕ್ಯಾಮರಾವನ್ನು ಆಮೇಲೆ ತೆಗೆಯಲಿ.